ಕುಕ್ಕರಹಳ್ಳಿ ಕೆರೆ ಪಕ್ಕ ನಮ್ಮ ಶನಿವಾರ, ಭಾನುವಾರ

ಇಬ್ಬರೂ ರಿಟೈರ್ ಆದ ಮೇಲೆ ಮೊದಲು ಕೈಬಿಟ್ಟು ಹೋದದ್ದು ಭಾನುವಾರ. ಇವರು ಬ್ಯಾಂಕಿನಲ್ಲಿದ್ದರು, ನಾನು ಹೈಸ್ಕೂಲ್ ಟೀಚರ್. ದುಡಿಯುವಾಗ ಭಾನುವಾರಕ್ಕೊಂದು ರುಚಿ ಇತ್ತು. ವಾರವೆಲ್ಲ ಬಿಡುವಾದ ಮೇಲೆ ಯಾವ ದಿನವೂ ರಜೆ ಅನ್ನಿಸದಂತಾಯಿತು. ಗ್ಯಾಸ್ ರಿಪೇರಿಯವನೂ ಭಾನುವಾರವೇ ಬರುತ್ತಿದ್ದ, 'ಹೇಗೂ ಮನೇಲೇ ಇರ್ತೀರಲ್ಲ' ಅಂತ ನೆಂಟರೂ ಅವತ್ತೇ ಬರುತ್ತಿದ್ದರು.

ಹಾಗಾಗಿ ಹೊರಗಿನ ಕೆಲಸವನ್ನೆಲ್ಲ ಮಂಗಳವಾರಕ್ಕೂ ಗುರುವಾರಕ್ಕೂ ಕಟ್ಟಿಹಾಕಿದೆವು. ಬ್ಯಾಂಕು, ಕರೆಂಟ್ ಬಿಲ್ಲು, ಬಿ.ಪಿ. ಮಾತ್ರೆ ಎಲ್ಲ ಆಗಲೇ. ಪಿಂಚಣಿಯ ಜೀವನ ಪ್ರಮಾಣಪತ್ರ ನವೆಂಬರ್‌ನಲ್ಲಿ ಕೊಟ್ಟುಬಿಟ್ಟರೆ ಚಳಿಗಾಲಕ್ಕೆ ದೊಡ್ಡ ತಲೆನೋವು ಉಳಿಯುವುದಿಲ್ಲ. ಮಗಳ ಜೊತೆ ಫೋನು ಭಾನುವಾರ ರಾತ್ರಿ ಊಟವಾದ ಮೇಲೆ. ಕುಟುಂಬದ ವಾಟ್ಸಾಪ್ ಗುಂಪಿನ ಸದ್ದು ಅಲ್ಲಿಯವರೆಗೆ ಬಂದ್. 'ಶುಭೋದಯ'ಗಳು ಎರಡು ದಿನ ಕಾದರೆ ಕೆಟ್ಟುಹೋಗುವುದಿಲ್ಲ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂ ಕಡೆ. ಚಾಮರಾಜನಗರಕ್ಕೆ ಹೋಗುವ ರೈಲು ಹಳಿ ದಾಟಿದರೆ ಕುಕ್ಕರಹಳ್ಳಿ ಕೆರೆ. ಧನುರ್ಮಾಸದಲ್ಲಿ ಶನಿವಾರ ಕತ್ತಲಿರುವಾಗಲೇ ಎದ್ದು, ದೇವಸ್ಥಾನಕ್ಕೆ ಹೋಗಿ ಬಿಸಿ ಹುಗ್ಗಿ ಪ್ರಸಾದ ತಿಂದು ಬಂದರೆ ಬೆಳಗಿನ ತಿಂಡಿಯ ಚಿಂತೆಯೂ ಇಲ್ಲ. ಆ ಹೊತ್ತಿಗೆ ಕೆರೆಗೆ ಹೋಗುವುದಿಲ್ಲ. ವಾರಾಂತ್ಯದ ಬೆಳಿಗ್ಗೆ ಅಲ್ಲಿ ಇರುವುದು ವಾಕಿಂಗ್‌ನವರ ಸಂತೆ. ರಾಜಕೀಯ, ಶುಗರ್, ಸೈಟಿನ ರೇಟು ಎಲ್ಲ ಕಿವಿಗೆ ಬೀಳುತ್ತದೆ.

ಬಿಸಿಲೇರಿದ ಮೇಲೆ ತಾರಸಿಯಲ್ಲಿ ಚಾಪೆ ಹಾಸಿ ನೆನೆದ ಅವರೆಕಾಳು ಮುಂದಿಟ್ಟುಕೊಂಡು ಕೂರುತ್ತೇವೆ. ಕಾಯಿ ಕೊಳ್ಳುವಾಗ ಒಂದನ್ನು ಉಗುರಲ್ಲಿ ಗೀರಿ ಮೂಸಿ ನೋಡುತ್ತೇನೆ, ಸೊಗಡು ಮೂಗಿಗೆ ಹೊಡೆಯಬೇಕು. ಶುಕ್ರವಾರ ರಾತ್ರಿಯೇ ಬಿಡಿಸಿ, ಕಾಳನ್ನು ನೀರಲ್ಲಿ ನೆನೆಹಾಕಿರುತ್ತೇನೆ. ಬೆಳಿಗ್ಗೆಗೆ ಸಿಪ್ಪೆ ಸಡಿಲವಾಗಿರುತ್ತದೆ. ಕಾಳಿನ ಒಂದು ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಆಚೆಗೆ ಹಾರುತ್ತದೆ. ಕೈಯನ್ನು ಬೋಗುಣಿಯ ಬಾಯೊಳಗೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅರ್ಧ ಬೇಳೆ ಅಳಿಲಿಗೆ. ಇವರದ್ದು ನಿಧಾನ, ಆದರೆ ಒಂದೂ ಮುರಿಯುವುದಿಲ್ಲ. ನಾನು ಬೇಗ ಮುಗಿಸುತ್ತೇನೆ, ಮುರಿದದ್ದೆಲ್ಲ ನನ್ನದೇ. ಮಾತು ಕಡಿಮೆ. ರೈಲು ಹೋದಾಗ 'ಇವತ್ತು ಲೇಟು ಕಣೇ' ಅನ್ನುತ್ತಾರೆ, ಅಷ್ಟೇ.

ಹಿತಕಿದ ಬೇಳೆಯನ್ನು ಕುಕ್ಕರಿಗೆ ಹಾಕಬಾರದು, ಕರಗಿ ಹಿಟ್ಟಾಗುತ್ತದೆ. ತೆರೆದ ಪಾತ್ರೆಯಲ್ಲಿ ಸಣ್ಣ ಉರಿಗೆ ಬೇಯಿಸಿ, ಬೆಂದ ಮೇಲೇ ಮಸಾಲೆ ಬೆರೆಸಬೇಕು. ತೆಂಗಿನಕಾಯಿ, ಗಸಗಸೆ, ಹುರಿದ ಈರುಳ್ಳಿ, ಕೊತ್ತಂಬರಿ, ಹಸಿಮೆಣಸಿನಕಾಯಿ. ಚಕ್ಕೆ ಲವಂಗ ಒಂದೊಂದೇ. ಜಾಸ್ತಿ ಹಾಕಿದರೆ ಸೊಗಡು ಅಡಗುತ್ತದೆ, ಆಮೇಲೆ ಇಷ್ಟು ಕಷ್ಟ ಯಾಕೆ ಪಡಬೇಕಿತ್ತು?

ಊಟ, ನಿದ್ದೆ.

ಸಂಜೆ ನಾಲ್ಕೂವರೆಗೆ ಕೆರೆ ಏರಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೇಸಾಯಕ್ಕೆ ನೀರಾಗಲಿ ಅಂತ ಕಟ್ಟಿಸಿದ್ದು. ಈಗ ಸುತ್ತ ಹೊಲವಿಲ್ಲ, ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು. ಕೆಲವು ಕಡೆ ನೀರು ಹಸಿರುಗಟ್ಟಿ ನಾರುತ್ತದೆ, ಅಲ್ಲಿ ಬೇಗ ಬೇಗ ನಡೆದುಬಿಡುತ್ತೇವೆ. ಹಕ್ಕಿಗಳಿಗೆ ಮಾತ್ರ ಬರ ಇಲ್ಲ. ಹೆಜ್ಜಾರ್ಲೆಗಳು (ಪೆಲಿಕನ್) ಕೆಲವೊಮ್ಮೆ ಸಾಲಾಗಿ ತೇಲುತ್ತಾ ಮೀನನ್ನು ಒಂದೆಡೆಗೆ ಅಟ್ಟಿ, ಒಟ್ಟಿಗೇ ಕೊಕ್ಕು ಮುಳುಗಿಸುತ್ತವೆ. ಹಾವಕ್ಕಿ ಮೈಯೆಲ್ಲ ಮುಳುಗಿಸಿ ಕತ್ತು ಮಾತ್ರ ಮೇಲಿಟ್ಟು ಈಜುತ್ತದೆ. ಅದರ ಗರಿ ನೀರು ಹೀರುತ್ತದೆ, ಮುಳುಗೋದು ಸಲೀಸಾಗಲಿ ಅಂತ. ಅದಕ್ಕೇ ಆಚೆ ಬಂದ ಮೇಲೆ ಕೊಂಬೆಯ ಮೇಲೆ ರೆಕ್ಕೆ ಬಿಡಿಸಿಕೊಂಡು ಬಹಳ ಹೊತ್ತು ಒಣಗಿಸಿಕೊಳ್ಳುತ್ತದೆ. ಬಾತುಗಳಿಗೆ ಆ ಪಾಡಿಲ್ಲ.

ಇವರು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಅದಕ್ಕೆ ಬರುವ ಹುಡುಗರು ಎಣಿಸೋದನ್ನು ನೋಡಿ ಶುರುವಾದ ಗೀಳು. ಬ್ಯಾಂಕಿನ ಬುದ್ಧಿ ಬೇರೆ. ಶನಿವಾರದ ಲೆಕ್ಕಕ್ಕೂ ಭಾನುವಾರದ ಲೆಕ್ಕಕ್ಕೂ ತಾಳೆಯಾಗದಿದ್ದರೆ 'ಎಲ್ಲಿ ಹೋದ್ವು?' ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಹಾರಿಹೋದವು ರೀ, ಇನ್ನೇನು.

ನೆಂಟರನ್ನು ಬರಬೇಡಿ ಅನ್ನೋಕಾಗುವುದಿಲ್ಲ. ಬಂದರೆ ಟಿ.ವಿ. ಹಾಕುವುದಿಲ್ಲ, ಮುಂದೆ ಒಂದು ಬೋಗುಣಿ ನೆನೆದ ಕಾಳು ಇಡುತ್ತೇವೆ. ಕೆಲವರು ಕಾಫಿ ಕುಡಿದು ಬೇಗ ಹೊರಡುತ್ತಾರೆ. ಕೂತು ಹಿತಕಿದವರಿಗೆ ಊಟ ಇಲ್ಲೇ.