‘ಇರಬೇಕು’ ಎಂದು ಕೊಟ್ಟ ಮರಿ

ನಾನು ಆ ಶೆಲ್ಟರ್‌ಗೆ ಹೋಗಿದ್ದು ಬೆಕ್ಕು ತರುವುದಕ್ಕಲ್ಲ. ಮನೆಯಲ್ಲಿ ಬಿದ್ದಿದ್ದ ಹಳೇ ಟವೆಲ್ಲು, ಹೊದಿಕೆ ಕೊಟ್ಟು ಬರೋಣ ಎಂದು ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಮೂತ್ರದ ಘಾಟು ಕಣ್ಣಿಗೆ ಹೊಡೆಯಿತು. ಒಂದೊಂದು ಪಂಜರದಲ್ಲಿ ಐದಾರು ಮರಿಗಳು. ನಿನ್ನೆ ಬಂದದ್ದು, ತಿಂಗಳ ಹಿಂದೆ ಬಂದದ್ದು, ಎಲ್ಲ ಒಟ್ಟಿಗೇ. ಒಬ್ಬ ಹುಡುಗ ಒಂದೇ ಬಟ್ಟೆಯಲ್ಲಿ ಸಾಲಾಗಿ ಎಲ್ಲ ಪಂಜರ ಒರೆಸುತ್ತಾ ಬರುತ್ತಿದ್ದ. ಆ ಕೊನೆಯಿಂದ ಈ ಕೊನೆಯವರೆಗೂ ಸೀನುವ ಸದ್ದು.

ಮೂಗಿನ ಮೇಲೆ ಕಪ್ಪು ಚುಕ್ಕಿ ಇದ್ದ ಒಂದು ಬೂದು ಮರಿ ಮೂಲೆಯಲ್ಲಿ ಮುದುಡಿ ಕೂತಿತ್ತು. ಎಡಗಣ್ಣು ಗೀಜಿನಿಂದ ಅಂಟಿಹೋಗಿತ್ತು. ಉಳಿದವು ತಟ್ಟೆಗೆ ಮುಗಿಬಿದ್ದರೂ ಇದು ಏಳಲಿಲ್ಲ.

“ಇದಕ್ಕೆ ಎಷ್ಟು ವಯಸ್ಸು ಮೇಡಂ?”

“ಎರಡು ತಿಂಗಳಿರಬೇಕು.”

“ಲಸಿಕೆ?”

“ಹಾಕಿಸಿರಬೇಕು, ನೋಡ್ಬೇಕು.”

“ಜಂತುಹುಳದ ಔಷಧಿ?”

“ಕೊಟ್ಟಿರಬೇಕು. ಕರ್ಕೊಂಡು ಹೋಗ್ತೀರಾ? ಸ್ವಲ್ಪ ಶೀತ, ಅಷ್ಟೇ.”

ಅವರ ಮೇಲೆ ನನಗೆ ಆಗ ಬಂದ ಸಿಟ್ಟು ಈಗ ಅಷ್ಟಿಲ್ಲ. ಕೆಟ್ಟವರಲ್ಲ. ಬಾಗಿಲಲ್ಲಿ ಯಾರಾದರೂ ರಟ್ಟಿನ ಪೆಟ್ಟಿಗೆ ಹಿಡಿದು ನಿಂತರೆ ‘ಜಾಗ ಇಲ್ಲ’ ಎನ್ನಲು ಬಾಯಿ ಬಾರದವರು. ಆದರೆ ಅಲ್ಲಿ ಒಂದು ಪುಸ್ತಕ ಇರಲಿಲ್ಲ. ಯಾವ ಮರಿ ಯಾವತ್ತು ಬಂತು, ಯಾವುದು ತಿಂದಿತು, ಯಾವುದಕ್ಕೆ ಏನು ಕೊಟ್ಟರು, ಎಲ್ಲೂ ಬರೆದಿರಲಿಲ್ಲ. ಮೂವತ್ತು ನಲವತ್ತು ಮರಿಗಳ ಲೆಕ್ಕ ಒಬ್ಬರ ತಲೆಯಲ್ಲಿ ಹೇಗೆ ನಿಂತೀತು? ಹಾಗಾಗಿ ಎಲ್ಲಕ್ಕೂ ‘ಇರಬೇಕು’.

ಅರ್ಧ ಗಂಟೆಯ ನಂತರ ಅದೇ ಟವೆಲ್ಲುಗಳಲ್ಲಿ ಒಂದರಲ್ಲಿ ಸುತ್ತಿ ಚುಕ್ಕಿಯನ್ನು ಹೊರಗೆ ತಂದೆ. ದಾರಿಯುದ್ದಕ್ಕೂ ಕುತ್ತಿಗೆಗೆ ಅವುಚಿಕೊಂಡಿದ್ದೆ. ಆ ತಪ್ಪಿನ ಕಥೆ ಮುಂದೆ ಬರುತ್ತದೆ.

ಮನೆಗೆ ಹೋಗದೆ ನೇರ ಡಾಕ್ಟರ ಹತ್ತಿರ ಹೋದದ್ದು ಮಾತ್ರ ಆ ದಿನ ನಾನು ಮಾಡಿದ ಬುದ್ಧಿವಂತಿಕೆ. ಅವರು ಮೊದಲು ಬಾಯಿ ತೆರೆದು ಹಲ್ಲು ನೋಡಿದರು. ಹಾಲುಹಲ್ಲು ಪೂರ್ತಿ ಬಂದಿತ್ತು. ಎಂಟು ವಾರದ ಆಸುಪಾಸು, ಅಂದರೆ ಎರಡು ತಿಂಗಳು ಎಂದದ್ದು ಸರಿಯೇ. ಆದರೆ ತೂಕ 540 ಗ್ರಾಂ. ಹುಟ್ಟಿದಾಗ ಮರಿ ಸುಮಾರು 100 ಗ್ರಾಂ ಇರುತ್ತದೆ, ಆಮೇಲೆ ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ಏರಬೇಕು. ಹಾಗೆ ನೋಡಿದರೆ ಇದು 800 ದಾಟಿರಬೇಕಿತ್ತು. ವಸಡು ಬಿಳಿಚಿಕೊಂಡಿತ್ತು. ಚಿಗಟಗಳು ಅಷ್ಟು ರಕ್ತ ಹೀರಿದ್ದವು. ಇಷ್ಟು ಸಣ್ಣ ಜೀವ ಚಿಗಟದಿಂದಲೇ ಸಾಯಬಹುದು ಎಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಶೀತ ಎಂದದ್ದು ಬೆಕ್ಕಿನ ಫ್ಲೂ. ಬಹುಪಾಲು ಇದಕ್ಕೆ ಕಾರಣ ಹರ್ಪಿಸ್ ವೈರಸ್ ಇಲ್ಲವೇ ಕ್ಯಾಲಿಸಿ ವೈರಸ್. ಚುಕ್ಕಿಯ ನಾಲಿಗೆಯಲ್ಲಿ ಹುಣ್ಣಿರಲಿಲ್ಲ, ಕಣ್ಣೇ ಜಾಸ್ತಿ ಕೆಟ್ಟಿತ್ತು. ಅದಕ್ಕೇ ಹರ್ಪಿಸ್ ಎಂದು ಅವರ ಅಂದಾಜು. ಕೊಟ್ಟ ಆ್ಯಂಟಿಬಯೋಟಿಕ್ ವೈರಸ್‌ಗಲ್ಲ, ಅದರ ಬೆನ್ನ ಮೇಲೆ ಸವಾರಿ ಬರುವ ಬ್ಯಾಕ್ಟೀರಿಯಾಗೆ. ಪಾರ್ವೊ ಗುಂಪಿನ ವೈರಸ್‌ನಿಂದ ಬರುವ ಪ್ಯಾನ್‌ಲ್ಯೂಕೊಪೀನಿಯಾ ಕಾಯಿಲೆಯ ಪರೀಕ್ಷೆಯನ್ನೂ ಮಾಡಿದರು. ಅದು ಬಂದಿದ್ದರೆ ಮರಿ ಉಳಿಯುವುದು ಕಷ್ಟ, ಆ ವೈರಸ್ ಮನೆಯಲ್ಲಿ ಒಂದು ವರ್ಷದವರೆಗೂ ಜೀವಂತ ಇರಬಲ್ಲದು. ಪುಣ್ಯಕ್ಕೆ ಇರಲಿಲ್ಲ. ಲಸಿಕೆಯ ಬಗ್ಗೆ ಡಾಕ್ಟರು ಒಂದೇ ಮಾತು ಹೇಳಿದರು: “ಚೀಟಿ ಇಲ್ಲ ಅಂದ್ರೆ ಹಾಕಿಲ್ಲ ಅಂತಲೇ ಲೆಕ್ಕ.” ಹುಷಾರಾದ ಮೇಲೆ ಮೊದಲಿಂದ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೂ ಹಾಕಿಸಿದೆವು.

ಹೊರಡುವಾಗ ಎರಡು ಎಚ್ಚರಿಕೆ ಕೊಟ್ಟರು. ಜ್ವರ ಎಂದು ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು ಮಾತ್ರೆ ಸಾಕು ಬೆಕ್ಕು ಸಾಯೋದಕ್ಕೆ. ನಾಯಿಯ ಚಿಗಟದ ಔಷಧಿ ಹಚ್ಚಬೇಡಿ, ಹಲವದರಲ್ಲಿ ಇರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಾವು ಸಣ್ಣ ಹಲ್ಲಿನ ಹಣಿಗೆಯಲ್ಲಿ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಹಾಕಿದೆವು. ಮೊದಲ ಸಂಜೆ ನಲವತ್ತು ಎಣಿಸಿ, ಆಮೇಲೆ ಎಣಿಸುವುದನ್ನೇ ಬಿಟ್ಟೆ.

ಮನೆಯಲ್ಲಿ ಆಗಲೇ ಹತ್ತು ವರ್ಷದ ಒಂದು ಗಂಡುಬೆಕ್ಕು ಇತ್ತು. ಅದಕ್ಕಾಗಿ ಚುಕ್ಕಿಯನ್ನು ಸಣ್ಣ ಕೋಣೆಯಲ್ಲಿ ಬೇರೆ ಇಟ್ಟೆವು. ಬೇರೆ ತಟ್ಟೆ, ಮಲಮೂತ್ರಕ್ಕೆ ಬೇರೆ ಲಿಟರ್ ಟ್ರೇ. ಒಳಗೆ ಹೋಗುವಾಗ ಹಾಕಿಕೊಳ್ಳಲು ಒಂದು ಹಳೇ ಅಂಗಿ ಬಾಗಿಲ ಹಿಂದೆ. ಹೊರಗೆ ಬಂದರೆ ಸೋಪು ಹಾಕಿ ಕೈ ತೊಳೆಯಬೇಕು.

ಅವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ. ದಿನ, ಹೊತ್ತು, ತೂಕ, ತಿಂದದ್ದು, ಟ್ರೇಯಲ್ಲಿ ಕಂಡದ್ದು. ‘ಇರಬೇಕು’ ಎಂಬ ಪದ ನನ್ನ ಬಾಯಿಂದಲೂ ಬರಬಾರದು ಎಂಬ ಹಟ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿ ಇಟ್ಟು, ದಿನಾ ಬೆಳಿಗ್ಗೆ ಊಟಕ್ಕೆ ಮೊದಲೇ ತೂಗುತ್ತಿದ್ದೆ. ಎರಡನೇ ದಿನ 526. ಮೂರನೇ ದಿನ 511. ಕಣ್ಣಿಗೆ ನೋಡಿದರೆ ಪರವಾಗಿಲ್ಲ ಎನಿಸುತ್ತಿತ್ತು. ಅಕ್ಕ ಕೂಡ “ಇವತ್ತು ಲವಲವಿಕೆಯಿಂದ ಇದೆ ಕಣೇ” ಎಂದಳು. ನನಗೂ ಹಾಗೇ ನಂಬುವ ಆಸೆ. ಆದರೆ ತಕ್ಕಡಿ ಒಪ್ಪಲಿಲ್ಲ. ಅಂಕಿ ಹೇಳಿ ಫೋನ್ ಮಾಡಿದೆ. ಡಾಕ್ಟರು ತಕ್ಷಣ ಬರಹೇಳಿ ಚರ್ಮದಡಿಗೆ ದ್ರವ ಕೊಟ್ಟರು, ಸಿರಿಂಜಿನಲ್ಲಿ ಊಟ ಶುರು ಮಾಡಿಸಿದರು. ಇನ್ನೊಂದು ದಿನ ಕಾದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಯೋಚನೆ ಬರುತ್ತದೆ.

ಮೂಗು ಕಟ್ಟಿದ ಬೆಕ್ಕು ಯಾಕೆ ತಿನ್ನುವುದಿಲ್ಲ ಎಂದರೆ ಅದಕ್ಕೆ ವಾಸನೆ ಬರುವುದಿಲ್ಲ. ವಾಸನೆ ಇಲ್ಲದ್ದು ಅದರ ಪಾಲಿಗೆ ಊಟವೇ ಅಲ್ಲ. ಅದಕ್ಕೇ ಮೊದಲು ಮೂಗಿನ ಕೆಲಸ. ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿ, ಮರಿಯನ್ನು ಮಡಿಲಲ್ಲಿಟ್ಟು ಹತ್ತು ಹದಿನೈದು ನಿಮಿಷ ಆವಿಯಲ್ಲಿ ಸುಮ್ನೆ ಕೂರುತ್ತಿದ್ದೆ. ಒದ್ದೆ ಹತ್ತಿಯಲ್ಲಿ ಸಿಂಬಳ ಒರೆಸಿ, ಮರಿಗಳ ಮೆತ್ತನೆಯ ಡಬ್ಬಿ ಆಹಾರವನ್ನು ಉಗುರುಬೆಚ್ಚಗೆ ಮಾಡಿ ಮೂಗಿನ ಕೆಳಗೆ ಹಿಡಿಯುತ್ತಿದ್ದೆ. ಬಿಸಿಯಾದರೆ ವಾಸನೆ ಏಳುತ್ತದೆ. ತಿನ್ನದಿದ್ದರೆ ಸಿರಿಂಜು: ಮರಿ ಹೊಟ್ಟೆ ಕೆಳಗೆ ಮಾಡಿ ಸಹಜವಾಗಿ ಕೂತಿರಬೇಕು, ಕೆನ್ನೆಯ ಪಕ್ಕದಿಂದ, ಇಷ್ಟಿಷ್ಟೇ, ನುಂಗಿದ ಮೇಲೆ ಮುಂದಿನದು. ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೈ ತಣ್ಣಗಿದ್ದಾಗ ತಿನ್ನಿಸಲೂಬಾರದು, ಹೊಟ್ಟೆ ಅರಗಿಸುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾದ ಮೇಲೇ ಊಟ. ಹಸುವಿನ ಹಾಲು ಕೊಡಿ ಎಂದು ಎಲ್ಲರೂ ಹೇಳಿದರು. ಕೊಡಲಿಲ್ಲ. ಭೇದಿಗೆ ಅದೊಂದು ಬಾಕಿ ಇತ್ತು.

ಮಾತ್ರೆಯದೂ ಒಂದು ಗುಟ್ಟು. ನಮಗೆ ಬರೆದುಕೊಟ್ಟ ಆ್ಯಂಟಿಬಯೋಟಿಕ್ ಡಾಕ್ಸಿಸೈಕ್ಲಿನ್. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಯೇ ಸುಟ್ಟು ಗಾಯ ಮಾಡುತ್ತದೆ, ಮುಂದೆ ನಾಳವೇ ಕಿರಿದಾಗಬಹುದು. ಪ್ರತಿ ಸಲ ಹಿಂದೆಯೇ ಸ್ವಲ್ಪ ನೀರೋ ಊಟವೋ ಹೋಗಲೇಬೇಕು. ಹಾಗೆಯೇ, ಮನೆಯಲ್ಲಿ ಉಳಿದಿದ್ದ ಕಣ್ಣಿನ ಡ್ರಾಪ್ಸ್ ಹಾಕಲೇ ಎಂದು ಕೇಳಿದ್ದಕ್ಕೆ ಡಾಕ್ಟರು ಹೆಚ್ಚುಕಡಿಮೆ ಬೈದರು. ಅದರಲ್ಲಿ ಸ್ಟೆರಾಯ್ಡ್ ಇತ್ತು. ಹರ್ಪಿಸ್ ಹುಣ್ಣಿರುವ ಕಣ್ಣಿಗೆ ಅದು ಬಿದ್ದರೆ ಕಣ್ಣೇ ಹೋಗಬಹುದಂತೆ.

ಐದನೇ ದಿನ 509, ಆರನೇ ದಿನ 515. ಎಂಟನೇ ದಿನ ತಾನಾಗಿಯೇ ತಟ್ಟೆಗೆ ಮುಖ ಹಾಕಿತು. ಅವತ್ತಿನ ಪುಟದಲ್ಲಿ ಗ್ರಾಂ ಬರೆಯುವುದನ್ನೇ ಮರೆತಿದ್ದೇನೆ.

ಮೂರನೇ ವಾರ ನನ್ನ ಕುತ್ತಿಗೆಯಲ್ಲಿ ಉಂಗುರದ ಆಕಾರದ ಕೆಂಪು ತುರಿಕೆ. ಹುಳುಕಡ್ಡಿ! ಬೆಕ್ಕಿನ ಆ ಫ್ಲೂ ವೈರಸ್ ಮನುಷ್ಯರಿಗೆ ಅಂಟುವುದಿಲ್ಲ, ಇದು ಅಂಟುತ್ತದೆ. ಚುಕ್ಕಿಯ ಕಿವಿಯ ಹಿಂದೆ ಕೂದಲು ಉದುರಿದ ಒಂದು ಸಣ್ಣ ಜಾಗ ಇತ್ತು, ಚಿಗಟದ ಗಾಯ ಎಂದು ಬಿಟ್ಟಿದ್ದೆವು. ಕತ್ತಲೆಯಲ್ಲಿ ನೇರಳಾತೀತ (ಯುವಿ) ದೀಪ ಹಿಡಿದಾಗ ಅಲ್ಲಿನ ಕೂದಲು ಸೇಬಿನ ಹಸಿರಿನಂತೆ ಹೊಳೆಯಿತು. ಈ ಶಿಲೀಂಧ್ರದ ಬೀಜಕಣಗಳು ಉದುರಿದ ಕೂದಲಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಎರಡು ವಾರವಾಯಿತು, ದೊಡ್ಡ ಬೆಕ್ಕಿನ ಜೊತೆ ಬಿಡೋಣ ಎಂದುಕೊಂಡಿದ್ದವರು ಮತ್ತೆ ಆರು ವಾರ ಬಾಗಿಲು ಹಾಕಿದೆವು. ವಾರಕ್ಕೆರಡು ಸಲ ಗಂಧಕದ ದ್ರಾವಣದಲ್ಲಿ ಮೈ ನೆನೆಸಬೇಕಿತ್ತು. ಕೊಳೆತ ಮೊಟ್ಟೆಯ ನಾತ. ಅಕ್ಕ ಒಂದು ತಿಂಗಳು ನನ್ನ ಪಕ್ಕ ಕೂರಲಿಲ್ಲ.

ಇದನ್ನೆಲ್ಲ ತಿಳಿಸಲು ಶೆಲ್ಟರ್‌ಗೆ ಫೋನ್ ಮಾಡಿದ್ದೆ. ಉಳಿದ ಮರಿಗಳನ್ನಾದರೂ ಬೇರೆ ಬೇರೆ ಇಡಲಿ ಎಂದು. ಚುಕ್ಕಿಯ ಪಕ್ಕದಲ್ಲೇ ಮಲಗುತ್ತಿದ್ದ ಹಳದಿ ಮರಿ ಹೇಗಿದೆ ಎಂದು ಕೇಳಿದೆ. “ಅದಾ? ಹೋಯ್ತಿರಬೇಕು” ಎಂದರು. ಯಾರಾದರೂ ಕರ್ಕೊಂಡು ಹೋದರಾ, ಇಲ್ಲಾ ಸತ್ತೇ ಹೋಯಿತಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ಸಲ ಹೋದಾಗ ಟವೆಲ್ಲಿನ ಜೊತೆ ಒಂದು ಅಡುಗೆ ತಕ್ಕಡಿ, ಗೆರೆ ಹಾಕಿದ ಎರಡು ನೋಟ್‌ಬುಕ್ ಕೊಟ್ಟು ಬಂದೆ. ಪಂಜರ ಒರೆಸುವ ಹುಡುಗ ಮೊದಲ ಪುಟ ತುಂಬಿಸಿದ್ದನ್ನು ನೋಡಿದೆ. ಎರಡನೆಯದು ಗೊತ್ತಿಲ್ಲ.

ಚುಕ್ಕಿಗೆ ಈಗ ಎರಡು ವರ್ಷ. ಹರ್ಪಿಸ್ ಮೈಬಿಟ್ಟು ಹೋಗುವುದಿಲ್ಲ. ಮನೆಗೆ ಜಾಸ್ತಿ ಜನ ಬಂದರೆ ಎಡಗಣ್ಣಲ್ಲಿ ನೀರು ಬರುತ್ತದೆ, ನಾಲ್ಕು ದಿನ ಸೀನುತ್ತಾಳೆ. ತೂಗುವುದು ಮಾತ್ರ ಬಿಟ್ಟಿಲ್ಲ, ತಿಂಗಳಿಗೊಮ್ಮೆ. ಅಡುಗೆ ತಕ್ಕಡಿಯಲ್ಲಿ ಈಗ ಹಿಡಿಸುವುದಿಲ್ಲ. ಅವಳನ್ನೆತ್ತಿಕೊಂಡು ನಾನೇ ದೊಡ್ಡ ಯಂತ್ರ ಹತ್ತಿ, ಆಮೇಲೆ ನನ್ನ ತೂಕ ಕಳೆಯುತ್ತೇನೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ನನ್ನದೂ ಒಂದು ಸಾಲು ಇದೆ. ಅದೂ ಏರುತ್ತಲೇ ಇದೆ, ಆ ವಿಷಯ ಬೇಡ ಬಿಡಿ.