ಹುಬ್ಬಳ್ಳಿಯಿಂದ ವಿದೇಶಕ್ಕೆ: ನಡುವಿನ ಗಂಟೆಗಳನ್ನು ಲೌಂಜಿನಲ್ಲಿ ಕಳೆಯುವ ಬಗೆ

ಗೋಕುಲ ರೋಡಿನ ವಿಮಾನ ನಿಲ್ದಾಣದಿಂದ ದುಬೈಗಾಗಲಿ ಫ್ರಾಂಕ್‌ಫರ್ಟಿಗಾಗಲಿ ನೇರ ವಿಮಾನ ಇಲ್ಲ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇಳಿದು ಇನ್ನೊಂದು ಹತ್ತಬೇಕು. ಬೆಂಗಳೂರಿನಿಂದ ಯುರೋಪಿಗೆ, ಕೊಲ್ಲಿ ದೇಶಗಳಿಗೆ ಹೋಗುವ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯಿಂದ ನಸುಕಿನೊಳಗೆ ಹೊರಡುತ್ತವೆ. ಹಾಗಾಗಿ ಸಂಜೆ ಬಂದಿಳಿದವರಿಗೆ ಕಾಯುವುದು ತಪ್ಪುವುದಿಲ್ಲ. ಲೌಂಜಿನಲ್ಲಿ, ಅಂದರೆ ನಿಲ್ದಾಣದೊಳಗಿನ ಊಟ–ವಿಶ್ರಾಂತಿಯ ಕೋಣೆಯಲ್ಲಿ, ಉಂಡು ಮಲಗಿದರಾಯಿತು ಎಂದುಕೊಂಡವರು ಎಡವುವುದು ಒಂದೇ ಕಡೆ: ಲೌಂಜು ಇರುವುದು ಭದ್ರತಾ ತಪಾಸಣೆಯ ಆಚೆ. ಅಲ್ಲಿಯವರೆಗೆ ಹೋಗಲು ಬೋರ್ಡಿಂಗ್ ಪಾಸ್ ಬೇಕು.

ಆದ್ದರಿಂದ ಮೊದಲು ಟಿಕೆಟ್ ನೋಡಿ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಬ್ಯಾಗು ಎಲ್ಲಿಯವರೆಗೆ ಹೋಗುತ್ತದೆ ಎಂದು ಹುಬ್ಬಳ್ಳಿಯ ಕೌಂಟರಿನಲ್ಲೇ ಕೇಳಿ. ಬಾಯಿಮಾತಿಗೆ ಬಿಡಬೇಡಿ, ಹಿಡಿಕೆಗೆ ಸುತ್ತಿದ ಟ್ಯಾಗನ್ನು ಓದಿ. ಊರಿನ ಮೂರಕ್ಷರದ ಕೋಡ್ ಅದರ ಮೇಲೆ ದಪ್ಪಗೆ ಅಚ್ಚಾಗಿರುತ್ತದೆ. ಎಫ್‌ಆರ್‌ಎ ಎಂದಿದ್ದರೆ ಬ್ಯಾಗು ಫ್ರಾಂಕ್‌ಫರ್ಟಿನವರೆಗೆ. ಕೊನೆಯ ಊರಾಗಿ ಬಿಎಲ್‌ಆರ್ ಎಂದಷ್ಟೇ ಇದ್ದರೆ ಬೆಂಗಳೂರಿನ ಬೆಲ್ಟಿನಿಂದ ನೀವೇ ಇಳಿಸಿಕೊಳ್ಳಬೇಕು. ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಅಲ್ಲೇ ಸಿಗುವುದಾದರೆ ಅದನ್ನೂ ಪಡೆದುಕೊಳ್ಳಿ.

ಎರಡು ಬೇರೆ ಟಿಕೆಟ್ ಆದರೆ ಲೆಕ್ಕವೇ ಬೇರೆ. ಇಂಡಿಗೋದ ದೇಶೀಯ ವಿಮಾನ ಇಳಿಸುವುದು ಟರ್ಮಿನಲ್ 1ರಲ್ಲಿ. 2023ರ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳು ಹೊರಡುವುದು ಟರ್ಮಿನಲ್ 2ರಿಂದ. ಬ್ಯಾಗು ತೆಗೆದುಕೊಂಡು ಹೊರಬಂದು, ಎರಡರ ನಡುವೆ ಓಡಾಡುವ ಉಚಿತ ಬಸ್ಸು ಹತ್ತಿ. ಈಗ ಗಂಟೆ ಎಣಿಸಿ. ಸಂಜೆ 6ಕ್ಕೆ ಇಳಿದಿರಿ, ಮುಂದಿನ ವಿಮಾನ ನಸುಕಿನ 3ಕ್ಕೆ. ಕೈಯಲ್ಲಿ 9 ಗಂಟೆ ಇದ್ದಂತೆ ಕಾಣುತ್ತದೆ. ಆದರೆ ಬ್ಯಾಗು ಒಪ್ಪಿಸುವ ಚೆಕ್-ಇನ್ ಕೌಂಟರು ತೆರೆಯುವುದು ಸಾಮಾನ್ಯವಾಗಿ ವಿಮಾನಕ್ಕೆ 3ರಿಂದ 4 ಗಂಟೆ ಮೊದಲು, ಅಂದರೆ ರಾತ್ರಿ 11ರಿಂದ 12ರೊಳಗೆ. ಸಾಲು, ಇಮಿಗ್ರೇಷನ್, ತಪಾಸಣೆ ಮುಗಿಯಲು ಒಂದು ಗಂಟೆಯಾದರೂ ಇಡಿ. ಲೌಂಜಿಗೆ ಸಿಗುವುದು ಒಂದು, ಒಂದೂವರೆ ಗಂಟೆ ಮಾತ್ರ. ಇಂಥವರು ರಾತ್ರಿ ಊಟವನ್ನು ಹೊರಗೇ ಮುಗಿಸಿ, ಲೌಂಜನ್ನು ಸ್ನಾನಕ್ಕೂ ಚಹಾಕ್ಕೂ ಉಳಿಸಿಕೊಳ್ಳುವುದೇ ಸರಿ. ಹಸಿದುಕೊಂಡು ಐದಾರು ಗಂಟೆ ಕಾಯುವುದರಲ್ಲಿ ಅರ್ಥವಿಲ್ಲ.

ಒಳಗೆ ಬಿಡುವುದು ಮೂರು ಬಗೆಯಲ್ಲಿ. ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದರೆ ವಿಮಾನ ಕಂಪನಿಯ ಲೌಂಜಿಗೆ ಬೋರ್ಡಿಂಗ್ ಪಾಸೇ ಸಾಕು. ಎರಡನೆಯದು ಸದಸ್ಯತ್ವ. ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದ ಗೋಲ್ಡ್ ಸದಸ್ಯತ್ವ ಇದ್ದವರು ಎಕಾನಮಿ ಟಿಕೆಟಿನಲ್ಲಿದ್ದರೂ ಒಳಗೆ ಹೋಗಬಹುದು, ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಆದರೆ ಇಬ್ಬರೂ ಆ ಕೂಟದ ವಿಮಾನದಲ್ಲೇ ಹೊರಡುವವರಾಗಿರಬೇಕು. ಮೂರನೆಯದು ಬ್ಯಾಂಕ್ ಕಾರ್ಡ್. ಇದರ ಲೌಂಜು ವಿಮಾನ ಕಂಪನಿಯದಲ್ಲ, ಎಲ್ಲರಿಗೂ ಸೇರಿದ್ದು. ಇಲ್ಲೇ ಹೆಚ್ಚು ಜನ ಬಾಗಿಲಿನಿಂದ ಹಿಂದಿರುಗುವುದು. ಕಾರಣಗಳು ಇವು: ಉಚಿತ ಭೇಟಿ ಜನವರಿ–ಮಾರ್ಚ್, ಏಪ್ರಿಲ್–ಜೂನ್ ಹೀಗೆ ತ್ರೈಮಾಸಿಕದ ಲೆಕ್ಕದಲ್ಲಿರುತ್ತದೆ, ಅದು ಮುಗಿದಿರಬಹುದು. ಹಿಂದಿನ ತ್ರೈಮಾಸಿಕದಲ್ಲಿ ಇಂತಿಷ್ಟು ಖರ್ಚು ಮಾಡಿರಬೇಕೆಂಬ ಷರತ್ತನ್ನು ಬಹಳ ಬ್ಯಾಂಕುಗಳು ಹಾಕಿವೆ. ಕಾರ್ಡ್ ದೇಶೀಯ ಲೌಂಜಿಗೆ ಮಾತ್ರ ಇರಬಹುದು. ಇಮಿಗ್ರೇಷನ್ ದಾಟಿದ ಮೇಲಿನದು ಬೆಂಗಳೂರಿನಲ್ಲೇ ಇದ್ದರೂ ಅಂತರರಾಷ್ಟ್ರೀಯ ಲೌಂಜು. ಹಳೆಯ ಮಾಹಿತಿಯನ್ನೂ ನಂಬಬೇಡಿ: ಬ್ಯಾಂಕು ಮತ್ತು ಲೌಂಜುಗಳ ನಡುವೆ ನಿಂತಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್ 16ರಿಂದ ದೇಶೀಯ ಲೌಂಜ್ ಸೇವೆ ನಿಲ್ಲಿಸಿತು. ಹೊರಡುವ ಹಿಂದಿನ ದಿನ ಬ್ಯಾಂಕಿನ ಆ್ಯಪ್‌ನಲ್ಲಿ ಆ ನಿಲ್ದಾಣದ, ಆ ಟರ್ಮಿನಲ್ಲಿನ ಹೆಸರು ಹುಡುಕಿ ನೋಡಿ.

ಬಾಗಿಲಲ್ಲಿ ಕಾರ್ಡ್ ಉಜ್ಜಿದಾಗ ಪರೀಕ್ಷೆಗೆಂದು ₹2ರಂಥ ಸಣ್ಣ ಮೊತ್ತ ಕಡಿತವಾಗುತ್ತದೆ, ಗಾಬರಿ ಬೇಡ. ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಪಿನ್ ಒತ್ತುವ ಮೊದಲೇ ಕೇಳಿ. ಗಂಡ–ಹೆಂಡತಿ ಇಬ್ಬರಿದ್ದರೆ ಒಂದು ಕಾರ್ಡಿಗೆ ಒಬ್ಬರೇ ಎಂಬುದು ನೆನಪಿರಲಿ. ಒಳಗಿರುವ ಅವಧಿ ಸಾಮಾನ್ಯವಾಗಿ 2ರಿಂದ 3 ಗಂಟೆ.

ಒಳಗೆ ಹೋದಕೂಡಲೇ ತಟ್ಟೆಗೆ ಕೈ ಹಾಕಬೇಡಿ. ಮೊದಲು ಸ್ನಾನದ ಕೋಣೆಗೆ ಹೆಸರು ಬರೆಸಿ, ರಾತ್ರಿ ಅದಕ್ಕೇ ಸಾಲು. ಟವಲ್ ಅಲ್ಲೇ ಕೊಡುತ್ತಾರೆ. ಬದಲಿ ಬಟ್ಟೆ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿಟ್ಟರೆ ಅದು ಆಗಲೇ ಹೋಗಿರುತ್ತದೆ. ಆಮೇಲೆ ಪ್ಲಗ್ ಇರುವ ಕುರ್ಚಿ ಹಿಡಿಯಿರಿ. ಬಫೆ ಕೂತು ಉಣ್ಣಲು, ಡಬ್ಬಿಗೆ ತುಂಬಿಕೊಂಡು ಹೋಗಲು ಅಲ್ಲ.

ಶಾಕಾಹಾರಿಗಳಿಗೆ ಒಂದು ಮಾತು. ನಮ್ಮಲ್ಲಿನ ಹಸಿರು ಚುಕ್ಕೆ ಹೊರದೇಶದ ಬಫೆಯಲ್ಲಿ ಸಿಗುವುದಿಲ್ಲ. ಜರ್ಮನಿಯಲ್ಲಿ ಬೇಳೆಯ ಸೂಪು ನೋಡಲು ನಮ್ಮ ತೊವ್ವೆಯಂತೆಯೇ ಇರುತ್ತದೆ, ಆದರೆ ಅದಕ್ಕೆ ಹಂದಿ ಮಾಂಸದ ಚೂರು ಹಾಕುವುದು ಅಲ್ಲಿನ ರೂಢಿ. ತರಕಾರಿ ಸೂಪಿನ ನೀರೂ ಕೋಳಿಯದಾಗಿರಬಹುದು. ಚೀಟಿ ಓದಿ, ಅನುಮಾನ ಬಂದರೆ ಕೇಳಿ. ದುಬೈಯಲ್ಲಿ ಹಮ್ಮುಸ್, ರೊಟ್ಟಿ, ಸಲಾಡ್ ಸಿಗುವುದರಿಂದ ಅಷ್ಟು ಕಷ್ಟವಿಲ್ಲ. ಮನೆಯ ಬುತ್ತಿಯಲ್ಲಿ ಖಡಕ್ ರೊಟ್ಟಿಗೂ ಧಾರವಾಡ ಪೇಢಾಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೊಸರನ್ನು ಮಾತ್ರ ಕೈಚೀಲದಲ್ಲಿ ತರಬೇಡಿ: ವಿದೇಶಿ ಪ್ರಯಾಣದಲ್ಲಿ 100 ಮಿಲಿಗಿಂತ ದೊಡ್ಡ ಪಾತ್ರೆಯ ದ್ರವವನ್ನು ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಖಾರದ ಪುಡಿ, ಶೇಂಗಾ ಚಟ್ನಿ ದೊಡ್ಡ ಬ್ಯಾಗಿಗೆ. ಪವರ್ ಬ್ಯಾಂಕ್ ಇದಕ್ಕೆ ತಿರುಗಾಮುರುಗಾ, ಅದು ಕೈಚೀಲದಲ್ಲೇ ಇರಬೇಕು.

ನಡುವಿನ ನಿಲ್ದಾಣದಲ್ಲಿ ಲೌಂಜು ಆರಿಸುವಾಗ ಗೇಟಿನ ಅಕ್ಷರ ನೋಡಿ. ಫ್ರಾಂಕ್‌ಫರ್ಟಿನಲ್ಲಿ ಎ ಗೇಟುಗಳ ಲೌಂಜಿಗೆ ಪಾಸ್‌ಪೋರ್ಟ್ ತಪಾಸಣೆ ದಾಟಬೇಕು, ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ) ಇಲ್ಲದವರನ್ನು ಬಿಡುವುದಿಲ್ಲ. ಅಮೆರಿಕಕ್ಕೆ ಹೋಗುವವರು ಬಿ, ಸಿ, ಝಡ್ ಕಡೆಯದನ್ನೇ ಹುಡುಕಬೇಕು. ದುಬೈಯ ಟರ್ಮಿನಲ್ 3ರಲ್ಲಿ ಎ, ಬಿ, ಸಿ ಮೂರು ಕಡೆಯೂ ಎಮಿರೇಟ್ಸ್ ಲೌಂಜುಗಳಿವೆ. ನಿಮ್ಮ ಗೇಟು ಯಾವುದೋ ಆ ಕಡೆಯದರಲ್ಲೇ ಕೂರಿ, ಇಲ್ಲವಾದರೆ ಕೊನೆಗಳಿಗೆಯಲ್ಲಿ ರೈಲು ಹತ್ತಿ ಓಡಬೇಕಾಗುತ್ತದೆ.

ಬೆಂಗಳೂರು ಸದ್ದಿಲ್ಲದ ನಿಲ್ದಾಣ. ಬೋರ್ಡಿಂಗ್ ಶುರುವಾಯಿತೆಂದು ಯಾರೂ ಕೂಗುವುದಿಲ್ಲ, ಲೌಂಜಿನವರು ಎಬ್ಬಿಸುವುದೂ ಇಲ್ಲ. ವಿಮಾನ ಹೊರಡಲು 75 ನಿಮಿಷ ಇರುವಾಗ ಮೊಬೈಲಿನಲ್ಲಿ ಅಲಾರಂ ಇಡಿ. ಎದ್ದು, ಪರದೆಯಲ್ಲಿ ಗೇಟು ಬದಲಾಗಿದೆಯೇ ನೋಡಿ, ಬಾಟಲಿಗೆ ನೀರು ತುಂಬಿಕೊಂಡು, ಪಾಸ್‌ಪೋರ್ಟ್ ಕುರ್ಚಿಯ ಸಂದಿಯಲ್ಲಿ ಉಳಿದಿಲ್ಲವೆಂದು ಖಾತ್ರಿಪಡಿಸಿಕೊಂಡು ನಡೆಯಿರಿ.