ಬಾಣ ಅಳಿಸಿ ದಾರ ಎಳೆದೆ

ಹೈಸ್ಕೂಲಿನಲ್ಲಿ ಎರಡನೇ ಮಹಾಯುದ್ಧದ ಪಾಠ ಬಂದಾಗ ಯುಗೊಸ್ಲಾವಿಯಾದ ಪಾರ್ಟಿಸಾನರ, ಅಂದರೆ ಜರ್ಮನರ ವಿರುದ್ಧ ಹೋರಾಡಿದ ಗೆರಿಲ್ಲಾಗಳ ಕಥೆ ಹೇಳುತ್ತೇನೆ. ಕಾಡಿನಲ್ಲಿ ಅಡಗಿ, ಸೇತುವೆ ಉಡಾಯಿಸಿ, ಮಾಯವಾಗುತ್ತಿದ್ದವರು. ಹೋದ ವರ್ಷ ಒಬ್ಬಳು ಕೇಳಿದಳು: "ಸರ್, ಬಚ್ಚಿಟ್ಕೊಳ್ಳೋರು ಊರು ಹೇಗೆ ಗೆದ್ರು?" ಬಾಯಲ್ಲಿ ಹೇಳಿದರೆ ಅರ್ಥ ಆಗುವ ಮಾತಲ್ಲ ಅದು. ಮನೆಗೆ ಬಂದು ನಕ್ಷೆ ಬಿಡಿಸಲು ಕೂತೆ.

ಆರಿಸಿಕೊಂಡದ್ದು ಅವರ ನಾಲ್ಕನೇ ಸೇನೆಯನ್ನು. 1945ರ ಮಾರ್ಚ್ ಶುರುವಿನಲ್ಲಿ, ಡಾಲ್ಮೇಷಿಯಾ ಕರಾವಳಿಯ ಪಾರ್ಟಿಸಾನ್ ಪಡೆಗಳಿಂದ ಕಟ್ಟಿದ ಸೇನೆ. ಅದನ್ನು ನಡೆಸಿದ ಪೇಟರ್ ದ್ರಾಪ್‌ಷಿನ್‌ಗೆ ಆಗ ಬರೀ 30 ವರ್ಷ. ಮಿತ್ರರಾಷ್ಟ್ರಗಳು ಕೊಟ್ಟ ಸ್ಟುವರ್ಟ್ ಟ್ಯಾಂಕುಗಳಿದ್ದವು. ಕೆಲವದರ ಮೇಲಿನ ಗೋಪುರ ತೆಗೆದು, ಜರ್ಮನರಿಂದ ಕಿತ್ತುಕೊಂಡ 75 ಮಿಲಿಮೀಟರ್ ಫಿರಂಗಿ ಕೂರಿಸಿದ್ದರು. ಆ ಫೋಟೋ ನೋಡಿದಾಗಲೇ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತ್ತು.

ಚಾರ್ಟ್ ಪೇಪರುಗಳನ್ನು ಅಂಟಿಸಿ, 1 ಸೆಂಟಿಮೀಟರಿಗೆ 2.5 ಕಿಲೋಮೀಟರ್ ಲೆಕ್ಕ ಇಟ್ಟುಕೊಂಡೆ. ಬಿಹಾಚ್‌ನಿಂದ ಆ ಸೇನೆ ಕೊನೆಗೆ ಮುಟ್ಟಿದ ಇಟಲಿಯ ಬಂದರು ಟ್ರಿಯೆಸ್ಟೆಗೆ ದಪ್ಪ ಕೆಂಪು ಬಾಣ ಎಳೆದೆ. ನೋಡೋಕೆ ಚೆನ್ನಾಗಿತ್ತು, ಆದರೆ ಸುಳ್ಳು. ಬಾಣ ಬೆಟ್ಟಗಳ ಮೇಲೆ ಸುಮ್ನೆ ಹಾರಿಹೋಗಿತ್ತು. ಅಳಿಸಿದೆ. ಮೊದಲು ಕಂದು ಪೆನ್ಸಿಲಿನಲ್ಲಿ ಎತ್ತರ ತುಂಬಿದೆ. ಅದಕ್ಕೇ ನಾಲ್ಕು ಸಂಜೆ ಹಿಡಿಯಿತು. ವೆಲೆಬಿತ್ ಬೆಟ್ಟಸಾಲು ಸಮುದ್ರದ ಅಂಚಿನಲ್ಲೇ ಗೋಡೆಯಂತೆ ಎದ್ದಾಗ, ಈ ಸೇನೆ ನಡೆದ ನೆಲ ಎಂಥದ್ದು ಅಂತ ಗೊತ್ತಾಯಿತು. ಆಮೇಲೆ ತಾರೀಖಿಗೊಂದು ಗುಂಡುಸೂಜಿ ಚುಚ್ಚಿ ದಾರ ಸುತ್ತಿದೆ: ಮಾರ್ಚ್ 28ಕ್ಕೆ ಬಿಹಾಚ್, ಏಪ್ರಿಲ್ 4ಕ್ಕೆ ಗೋಸ್ಪಿಚ್. ದ್ವೀಪಗಳನ್ನು ಹಿಡಿದವರಿಗೆ ಬೇರೆ ನೀಲಿ ದಾರ.

ಒಂದು ಕಡೆ ಪೂರ್ತಿ ಎಡವಿದೆ. ರಿಯೆಕಾ, ಫಿಯೂಮೆ ಎರಡು ಬೇರೆ ಊರು ಅಂದುಕೊಂಡು ಎರಡು ಸೂಜಿ ಚುಚ್ಚಿದ್ದೆ. ಒಂದೇ ಊರಿಗೆ ಕ್ರೊಯೇಷಿಯನ್ ಹೆಸರೊಂದು, ಇಟಾಲಿಯನ್ ಹೆಸರೊಂದು. ಎರಡರ ಅರ್ಥವೂ 'ಹೊಳೆ'. ಯುದ್ಧಕ್ಕೆ ಮುಂಚೆ ಆ ಹೊಳೆಯೇ ಇಟಲಿ, ಯುಗೊಸ್ಲಾವಿಯಾ ನಡುವಿನ ಗಡಿ ಆಗಿತ್ತು. ಗಡಿ ಕಾಯಲು ಇಟಲಿ ಬೆಟ್ಟದಲ್ಲಿ ಕಾಂಕ್ರೀಟ್ ಕೋಟೆ ಕಟ್ಟಿತ್ತು. ಈಗ ಅದರೊಳಗೆ ಜರ್ಮನರು ಕೂತಿದ್ದರು. ಏಪ್ರಿಲ್ 21ಕ್ಕೆ ಹೊಳೆಯ ಈಚೆ ದಡದ ಸುಶಾಕ್ ಸಿಕ್ಕಿತು. ಆಚೆ ದಡದ ರಿಯೆಕಾ ಸಿಗಲು ಮೇ 3 ಆಯಿತು. ನನ್ನ ನಕ್ಷೆಯಲ್ಲಿ ಆ ಎರಡು ಸೂಜಿಗಳ ತಲೆ ಒಂದಕ್ಕೊಂದು ತಾಗುತ್ತವೆ, ನಡುವೆ 12 ದಿನ!

ಅಷ್ಟರಲ್ಲಿ ಇಟಲಿ ಕಡೆಯಿಂದ ಬ್ರಿಟಿಷ್ ಎಂಟನೇ ಸೇನೆ ಬರುತ್ತಿತ್ತು. ಟ್ರಿಯೆಸ್ಟೆಗೆ ತಾವೇ ಮೊದಲು ಮುಟ್ಟಬೇಕು ಅನ್ನೋದು ಯುಗೊಸ್ಲಾವ್ ನಾಯಕರ ಹಟ. ಹಾಗಾಗಿ ಒಂದಿಷ್ಟು ಪಡೆಯನ್ನು ರಿಯೆಕಾ ಎದುರು ಬಿಟ್ಟು, ಉಳಿದವರು ಬಳಸಿ ಹೋದರು. ಮೇ 1ಕ್ಕೆ ಟ್ರಿಯೆಸ್ಟೆಯೊಳಗಿದ್ದರು. ಮರುದಿನ ಎಂಟನೇ ಸೇನೆಯ ನ್ಯೂಜಿಲೆಂಡ್ ಪಡೆ ಬಂತು. ಹಿಂದೆ ರಿಯೆಕಾ ಕಡೆ ಉಳಿದ ಜರ್ಮನ್ ಕೋರ್ (ಹಲವು ಪಡೆಗಳ ದೊಡ್ಡ ಸೇನಾ ಗುಂಪು) ಮೇ 7ಕ್ಕೆ ಇಲಿರ್ಸ್ಕಾ ಬಿಸ್ತ್ರಿತ್ಸಾ ಬಳಿ ಶರಣಾಯಿತು.

ಟ್ರಿಯೆಸ್ಟೆ ಸೂಜಿಯ ಸುತ್ತ ಕಪ್ಪು ಪೆನ್ಸಿಲಿನಲ್ಲಿ ಒಂದು ವೃತ್ತ ಹಾಕಿದ್ದೇನೆ. ಗೆದ್ದವರು ಅಲ್ಲಿ ಸುಮಾರು 40 ದಿನ ಇದ್ದರು. ತುಂಬಾ ಜನರನ್ನು ಹಿಡಿದುಕೊಂಡು ಹೋದರು, ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಕೆಲವರ ಹೆಣ ಸುಣ್ಣಕಲ್ಲಿನ ಆಳದ ಗುಂಡಿಗಳಲ್ಲಿ ಸಿಕ್ಕವು. ಮಕ್ಕಳಿಗೆ ಅದನ್ನೂ ಹೇಳದೆ ನಕ್ಷೆ ಮಡಚುವುದು ಸರಿಯಲ್ಲ, ಅಲ್ವಾ?

ಈಗ ತರಗತಿಯಲ್ಲಿ ದಾರವನ್ನು ಅವರ ಕೈಗೇ ಕೊಡುತ್ತೇನೆ. ಸುಶಾಕ್‌ಗೆ ಬಂದ ಮೇಲೆ ಮುಂದಿನ ಸೂಜಿ ಕೊಡದೆ ಸ್ವಲ್ಪ ಹೊತ್ತು ಕಾಯಿಸುತ್ತೇನೆ. ಈ ಸಲ ಒಬ್ಬ ಹುಡುಗ ತಾನಾಗೇ ದಾರವನ್ನು ಬೆಟ್ಟದ ಹಿಂದಿನಿಂದ ಸುತ್ತಿಸಿ ತಂದ.